ಭಾನುವಾರದ ಚರ್ಚೆ: ಲಟ್ಟಣಿಗೆ ಹಿಡಿದ ಮುಂಬಯಿ ಹೆಂಗಸರು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ವಿಡಿಯೋ ಕಾಲ್‌ನಲ್ಲಿ ಸೇರೋಣ. ವಿಷಯ: 1972ರಲ್ಲಿ ಮುಂಬಯಿಯಲ್ಲಿ ಶುರುವಾದ ಬೆಲೆ ಏರಿಕೆ ವಿರೋಧಿ ಹೋರಾಟ.

ಆಗ ಮಹಾರಾಷ್ಟ್ರದಲ್ಲಿ ಬರಗಾಲ. ಅಡುಗೆಮನೆ ಸಾಮಾನಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಹೆಂಗಸರು ಲಟ್ಟಣಿಗೆಯಿಂದ ತಟ್ಟೆ ಬಡಿಯುತ್ತಾ ಬೀದಿಗಿಳಿದರು. ಸಮಾಜವಾದಿ ಮೃಣಾಲ್ ಗೋರೆ, ಸಿಪಿಎಂನ ಅಹಲ್ಯಾ ರಾಂಗಣೇಕರ್ ಒಟ್ಟಿಗೆ ಮುಂದಾಳತ್ವ ವಹಿಸಿದ್ದರು. 1977ರಲ್ಲಿ ಇಬ್ಬರೂ ಲೋಕಸಭೆಗೆ ಗೆದ್ದರು. ಪಕ್ಷದವರ ಜೊತೆಯಿಂದಲೇ ಹೋರಾಟಕ್ಕೆ ಬಲ ಬಂತು ಅನ್ನೋದು ನನ್ನ ಅನಿಸಿಕೆ. ಒಪ್ಪದವರು ಜಾಸ್ತಿ ಇದ್ದೀರಿ, ಗೊತ್ತು!

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಮನೆಯ ಹಿರಿಯರಿಗೆ ಆ ಕಾಲದ ರೇಷನ್ ಕ್ಯೂ ನೆನಪಿದ್ದರೆ ಕೇಳಿಕೊಂಡು ಬನ್ನಿ. ಈಗಿನ ಪಕ್ಷಗಳ ಜಗಳ ಮಾತ್ರ ಬೇಡ, ದಯವಿಟ್ಟು. ಲಿಂಕ್ ಶನಿವಾರ ರಾತ್ರಿ ಹಾಕುತ್ತೇನೆ.