ಮಗಳಿಗೊಂದು ಪತ್ರ: ನೀನು ನಿಂತಿದ್ದ ಜಾಗ

ಪ್ರೀತಿಯ ಪುಟ್ಟಿಗೆ, ಅಪ್ಪನ ಆಶೀರ್ವಾದಗಳು.

ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ ನೀನು ಕಳುಹಿಸಿದ ಫೋಟೋ ಬಂತು. ನೀನು ಸೊರಗಿದ್ದೀಯೆಂದು ಅಮ್ಮನಿಗೆ ಚಿಂತೆ. ನನ್ನ ಕಣ್ಣು ನಿನ್ನ ಬೆನ್ನ ಹಿಂದಿನ ಕೋಟೆಯ ಮೇಲೆ. ‘ದೀಪಸ್ತಂಭವೂ ಇಲ್ಲ, ಹಳೆಯ ಗ್ರಂಥಾಲಯವೂ ಇಲ್ಲ, ನೋಡಲು ಏನಿದೆ ಅಪ್ಪ?’ ಎಂದು ಬರೆದಿದ್ದೀಯಲ್ಲ, ನೀನು ನಿಂತಿದ್ದೇ ದೀಪಸ್ತಂಭದ ಜಾಗದಲ್ಲಿ!

ಕ್ರಿ.ಪೂ. 3ನೆಯ ಶತಮಾನದಲ್ಲಿ ಈಜಿಪ್ಟ್ ಆಳುತ್ತಿದ್ದ ಟಾಲೆಮಿ ದೊರೆಗಳು ಫೇರೋಸ್ ನಡುಗಡ್ಡೆಯಲ್ಲಿ ಅದನ್ನು ಕಟ್ಟಿಸಿದರು. ಎತ್ತರ ನೂರು ಮೀಟರಿಗೂ ಹೆಚ್ಚು ಎನ್ನುತ್ತಾರೆ. ಸಾವಿರದ ಐನೂರು ವರ್ಷ ದಾಟಿ ನಿಂತಿದ್ದನ್ನು 1303ರ ಭೂಕಂಪ ಜಖಂ ಮಾಡಿತು. 1326ರಲ್ಲಿ ಬಂದ ಪ್ರವಾಸಿ ಇಬ್ನ್ ಬತೂತ ಒಂದು ಮುಖ ಕುಸಿದಿದ್ದನ್ನು ಕಂಡ. 1349ರಲ್ಲಿ ಮತ್ತೆ ಬಂದಾಗ ಬಾಗಿಲವರೆಗೆ ಹತ್ತುವುದೂ ಆಗಲಿಲ್ಲ. 1477ರಲ್ಲಿ ಸುಲ್ತಾನ ಕೈತ್‌ಬೇ ಅದೇ ಜಾಗದಲ್ಲಿ ಈ ಕೋಟೆ ಎಬ್ಬಿಸಿದ. ಕೋಟೆಯ ಬುಡದ ನೀರಿನಲ್ಲಿ ದೊಡ್ಡ ದೊಡ್ಡ ಕಲ್ಲುಗಳು ಇನ್ನೂ ಬಿದ್ದಿವೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಊರಿನ ನಕ್ಷೆ ಗುರುತಿಸಲು ಹೊರಟಾಗ ಸುಣ್ಣದ ಪುಡಿ ಇರಲಿಲ್ಲವಂತೆ. ಹಿಟ್ಟು ಚೆಲ್ಲಿ ಗೆರೆ ಎಳೆದರು. ಹಕ್ಕಿಗಳ ಹಿಂಡು ಇಳಿದು ಎಲ್ಲವನ್ನೂ ತಿಂದುಬಿಟ್ಟಿತು. ಅಪಶಕುನವೆಂದು ಅವನು ಕಂಗೆಟ್ಟರೆ, ಈ ಊರು ಅನೇಕರ ಹೊಟ್ಟೆ ತುಂಬಿಸುತ್ತದೆ ಎಂದರಂತೆ ಶಕುನದವರು. ಗ್ರೀಕ್ ಲೇಖಕ ಪ್ಲೂಟಾರ್ಕ್ ಹೇಳುವ ಕಥೆ ಇದು. ಅಮ್ಮನಿಗೆ ಓದಿ ಹೇಳಿದೆ. ‘ನನ್ನ ರಂಗೋಲಿ ಹಿಟ್ಟನ್ನು ಇರುವೆ ತಿನ್ನುವುದಕ್ಕೆ ಯಾರೂ ಶಾಸ್ತ್ರ ಹೇಳಲಿಲ್ಲ’ ಎಂದಳು.

ಬಂದರಿನ ಸುಂಕದ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಹೊತ್ತವನಿಗೆ ಹಿಡಿಸಿದ್ದು ಮಾತ್ರ ಬೇರೆ. ವಿಯೆನ್ನಾದಲ್ಲಿ 2ನೆಯ ಶತಮಾನದ ಒಂದು ಪಪೈರಸ್ ಹಾಳೆ ಇದೆ. ಕೇರಳದ ಹಳೆಯ ಬಂದರು ಮುಜಿರಿಸ್‌ನಿಂದ ‘ಹರ್ಮಪೊಲ್ಲಾನ್’ ಎಂಬ ಹಡಗು ತಂದ ಜಟಾಮಾಂಸಿ, ಆನೆದಂತದ ಲೆಕ್ಕ ಅದರಲ್ಲಿದೆ. ಸರಕು ಕೆಂಪು ಸಮುದ್ರದ ದಡದಲ್ಲಿ ಇಳಿದು, ಒಂಟೆಯ ಮೇಲೆ ಮರುಭೂಮಿ ದಾಟಿ, ನೈಲ್ ನದಿಯಲ್ಲಿ ತೇಲಿ ನಿನ್ನ ಊರಿನ ಉಗ್ರಾಣ ಸೇರಬೇಕು. ಅಲ್ಲಿ ಸುಂಕ ಎಷ್ಟು ಗೊತ್ತೇ? ನಾಲ್ಕರಲ್ಲಿ ಒಂದು ಪಾಲು! ವರ್ತಕರು ಎಷ್ಟು ಗೊಣಗಿರಬೇಕೆಂದು ನಾನು ಬಲ್ಲೆ.

ಗ್ರಂಥಾಲಯ ಒಂದೇ ರಾತ್ರಿಯಲ್ಲಿ ಸುಟ್ಟುಹೋಯಿತೆಂಬುದನ್ನು ನಂಬಬೇಡ. ಅನುದಾನ ನಿಂತ ಸಂಸ್ಥೆಯಂತೆ ಅದು ನಿಧಾನವಾಗಿ ಸೊರಗಿದ್ದೇ ಹೆಚ್ಚು. ಊರೂ ಹಾಗೆಯೇ. 1798ರಲ್ಲಿ ನೆಪೋಲಿಯನ್ ಬಂದಿಳಿದಾಗ ಕೆಲವೇ ಸಾವಿರ ಜನರಿದ್ದರು. ನೈಲ್ ನೀರು ತರುವ ಕಾಲುವೆಗಳು ಹೂಳು ತುಂಬಿ ಕೆಟ್ಟಿದ್ದವು. 1820ರ ಹೊತ್ತಿಗೆ ಈಜಿಪ್ಟಿನ ಆಡಳಿತಗಾರ ಮೊಹಮ್ಮದ್ ಅಲಿ ಮಹಮೂದಿಯಾ ಕಾಲುವೆ ತೋಡಿಸಿದ ಮೇಲೆ ಹತ್ತಿ ವ್ಯಾಪಾರ ಕುದುರಿ ಬಂದರು ಮತ್ತೆ ತಲೆ ಎತ್ತಿತು. ತೋಡಿದ ರೈತರಲ್ಲಿ ಸಾವಿರಾರು ಜನ ಸತ್ತರು. ಅವರಿಗೆ ಯಾವ ಸ್ತಂಭವೂ ಇಲ್ಲ.

ಇನ್ನು ಕೋಮ್ ಅಲ್ ಶುಕಾಫಾ ನೆಲಮಾಳಿಗೆಗೆ ತಪ್ಪದೆ ಹೋಗು. 1900ರಲ್ಲಿ ಕತ್ತೆಯೊಂದು ಗುಂಡಿಗೆ ಬಿದ್ದು ಆ ಸಮಾಧಿಗಳು ಬೆಳಕಿಗೆ ಬಂದವಂತೆ.

ಕೋಟೆಗೂ ಇನ್ನೊಮ್ಮೆ ಹೋಗು. ಬಾಗಿಲ ಬಳಿ ಕೆಂಪು ಗ್ರಾನೈಟ್ ಕಂಡರೆ, ಅದು ದೀಪಸ್ತಂಭದ್ದೇ ಇರಬಹುದು, ಹತ್ತಿರದಿಂದ ಒಂದು ಫೋಟೋ ತೆಗೆದು ಕಳುಹಿಸು. ಅಮ್ಮನಿಗೆ ನಿನ್ನದೇ ಇನ್ನೊಂದು ಬೇಕು. ಊಟದ ತಟ್ಟೆಯ ಮುಂದೆ ಕೂತದ್ದು.

ಇಂತು ನಿನ್ನ,
ಅಪ್ಪ