ಮೂರು ದಿನದ ಮಣ್ಣಿನ ಕೆಲಸ ಮುಗೀತು, ಥ್ಯಾಂಕ್ಸ್ ಹೇಳೋದು ತುಂಬಾ ಜನಕ್ಕಿದೆ

ನಿನ್ನೆ ಸಂಜೆ ಕೊನೇ ಬ್ಲಾಕ್ ಪ್ರೆಸ್ಸಿಂದ ಎತ್ತಿ ಸಾಲಿಗಿಟ್ಟಾಗ ಐದೂವರೆ ಆಗಿತ್ತು. ಒಟ್ಟು 412 ಬ್ಲಾಕು, ಅಂದ್ರೆ ಸುಡದೆ ಮಷೀನಲ್ಲಿ ಒತ್ತಿ ಮಾಡೋ ಮಣ್ಣಿನ ಇಟ್ಟಿಗೆ. ಮೂರು ದಿನ, 26 ಜನ, ತಿಪಟೂರು ಹತ್ರ ಒಂದು ತೆಂಗಿನ ತೋಟ, ಕಲಿಯೋಕೆ ಬಂದಿದ್ದವರಲ್ಲಿ 17 ಜನ ಗಾರೆ ಕೆಲಸದವ್ರು, ಉಳಿದವ್ರು ಡಿಪ್ಲೊಮಾ ಹುಡುಗ್ರು, ಇಂಜಿನಿಯರ್ಸು. ನಾನು ಐದು ವರ್ಷದಿಂದ ಮಾಡ್ಬೇಕು ಮಾಡ್ಬೇಕು ಅಂತಿದ್ದ ಟ್ರೈನಿಂಗ್ ಇದು.

ಯಾಕೆ ಇಷ್ಟು ಮುಖ್ಯ ಅಂತ ಹೇಳ್ಬೇಕಂದ್ರೆ 2019ರ ಕತೆ ಹೇಳ್ಲೇಬೇಕು. ಆಗ ಒಂದು ಮನೆಗೆ ಎರಡು ರೂಮು ಮಣ್ಣಿನ ಬ್ಲಾಕಲ್ಲಿ ಕಟ್ಟಿಕೊಡ್ತೀನಿ ಅಂತ ಒಪ್ಕೊಂಡಿದ್ದೆ, ವಿಡಿಯೊ ನೋಡಿ ಓದಿ ಗೊತ್ತಾಯ್ತು ಅಂದ್ಕೊಂಡು ಅಲ್ಲೇ ಅಗೆದ ಮಣ್ಣನ್ನ ಟೆಸ್ಟ್ ಮಾಡ್ದೇನೆ ಬಳಸಿದೆ, ಎಂಟೇ ದಿನ ನೀರು ಹಾಕಿ ಗೋಡೆ ಏರಿಸಿದೆ, ಮುಂಗಾರು ಶುರುವಾದ ಎರಡನೇ ವಾರಕ್ಕೆ ಮೂಲೆಗಳೆಲ್ಲಾ ಕರಗಿ ಉದುರೋಕೆ ಶುರುವಾಯ್ತು. ಆ ಮನೆಯವ್ರು ಪಾತ್ರೆ ಪಗಡ ತಗೊಂಡು ನೆಂಟರ ಮನೆಗೆ ಹೋದ್ರು. ಗೋಡೆ ಒಡೆದು ಸುಟ್ಟ ಇಟ್ಟಿಗೇಲಿ ನನ್ನ ಖರ್ಚಲ್ಲೇ ಮತ್ತೆ ಕಟ್ಟಿಕೊಟ್ಟೆ, ಆ ಸಾಲ ತೀರೋಕೆ ಎರಡು ವರ್ಷ ಹಿಡೀತು. ತಪ್ಪು ಪೂರ್ತಿ ನಂದೇ.

ಆಮೇಲೆ ಕೂತು ಕಲ್ತೆ. ಪರಿಸರಕ್ಕೆ ಹೊರೆಯಾಗದ 'ಹಸಿರು ಕಟ್ಟಡ'ಗಳಿಗೆ ಸರ್ಟಿಫಿಕೇಟ್ ಕೊಡೋ ಹೈದರಾಬಾದಿನ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್ ನಡೆಸೋ ಪರೀಕ್ಷೆಗೆ ಓದಿ ಪಾಸಾದೆ, ನೀರು, ಕರೆಂಟು, ಮೆಟೀರಿಯಲ್ಲು, ಒಳಗಿನ ಗಾಳಿ ಬೆಳಕು ಎಲ್ಲಾ ಒಟ್ಟಿಗೆ ನೋಡೋದು ಅಲ್ಲಿ ಗೊತ್ತಾಯ್ತು. ಆದ್ರೆ ಮಣ್ಣು ಕಲಿಸಿದ್ದು ನಮ್ಮ ಮೇಷ್ಟ್ರು. ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸೀಲಿ 1974ರಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿ ಅವ್ರು ವಿಜ್ಞಾನ, ತಂತ್ರಜ್ಞಾನ ಹಳ್ಳಿಗಳಿಗೆ ತಲುಪಲಿ ಅಂತ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರಲ್ಲ, ಅಲ್ಲಿ ಕೆ.ಎಸ್. ಜಗದೀಶ್ ಅವರಂಥವ್ರು ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರಲ್ಲ, ಆ ದಾರೀಲಿ ಕಲ್ತವ್ರು ನಮ್ಮ ಮೇಷ್ಟ್ರು. ಅಸ್ತ್ರದ ಹಳ್ಳಿ ಕೇಂದ್ರ ಇದ್ದಿದ್ದು ನಮ್ಮ ತುಮಕೂರು ಜಿಲ್ಲೇಲೇ, ಕುಣಿಗಲ್ ತಾಲೂಕಿನ ಉಂಗ್ರದಲ್ಲಿ. ನಮ್ಮ ಜಿಲ್ಲೇಲೇ ಬೆಳೆದ ವಿದ್ಯೆ ನನಗೆ ಬಂದಿದ್ದು ನಲವತ್ತರ ಮೇಲೆ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯತ್ತೆ.

ಮೇಷ್ಟ್ರೇ, ನೀವು ಎಪ್ಪತ್ತು ದಾಟಿದ ವಯಸ್ಸಲ್ಲಿ ಬಸ್ಸಲ್ಲಿ ಬಂದು ಮೂರು ದಿನ ನಮ್ಮ ಜೊತೆ ಮಣ್ಣಲ್ಲಿ ನಿಂತ್ರಿ. ಪ್ರೊಜೆಕ್ಟರ್ ಬೇಡ, ಒಂದು ಗಾಜಿನ ಬಾಟ್ಲಿ ತನ್ನಿ ಅಂದ್ರಿ. ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಇಟ್ರೆ ಮರಳು ನಿಮಿಷದೊಳಗೆ ತಳ ಸೇರುತ್ತೆ, ಅದರ ಮೇಲೆ ನುಣ್ಣನೆ ಹೂಳು, ಜೇಡಿ ಮಾತ್ರ ಮಾರನೇ ದಿನದವರೆಗೂ ನಿಧಾನಕ್ಕೆ ಇಳೀತಾ ಇರುತ್ತೆ. ಬೆಳಿಗ್ಗೆ ಎಲ್ಲರೂ ಬಾಟ್ಲಿ ಸುತ್ತ ನಿಂತಿದ್ರು, ಜೇಡಿ ಪದರ ಎಷ್ಟು ದಪ್ಪ ಇತ್ತು ಅಂದ್ರೆ 2019ರ ಗೋಡೆ ಯಾಕೆ ಕರಗಿ ಉದುರ್ತು ಅಂತ ನಾನು ಹೇಳೋದೇ ಬೇಕಿರ್ಲಿಲ್ಲ. ಮರಳು ಸೇರಿಸಿ ಹದ ಮಾಡಿ, 7 ಪರ್ಸೆಂಟ್ ಸಿಮೆಂಟ್ ಹಾಕಿ ಒತ್ತಿದ್ವಿ. ಇಟ್ಟಿಗೆ ಗೂಡಿಲ್ಲ, ಸೌದೆ ಇಲ್ಲ, ಹೊಗೆ ಇಲ್ಲ.

ನೀರಿನ ಹದ ನಮಗೆ ಕಲಿಸಿದ್ದು ಮಾತ್ರ ಮಣ್ಣು ಹೊರೋಕೆ ಅಂತ ಬಂದಿದ್ದ ಅಕ್ಕ. ನಮ್ಮ ಲೆಕ್ಕ ಏನಂದ್ರೆ, ಕಲಸಿದ ಮಣ್ಣನ್ನ ಉಂಡೆ ಮಾಡಿ ಎದೆ ಎತ್ತರದಿಂದ ಬಿಡ್ಬೇಕು, ಪುಡಿಪುಡಿ ಆದ್ರೆ ನೀರು ಕಮ್ಮಿ, ಹಂಗೇ ಮುದ್ದೆಯಾಗಿ ಕೂತ್ರೆ ಜಾಸ್ತಿ, ನಾಕೈದು ಚೂರಾದ್ರೆ ಸರಿ. ನಾವು ಉಂಡೆ ಬಿಡ್ತಾ ಬಿಡ್ತಾ ಲೆಕ್ಕ ಹಾಕ್ತಿದ್ರೆ ಅವ್ರು ಕೈಲಿ ಹಿಸುಕಿ ನೋಡಿ "ಇನ್ನೊಂದ್ ಚೊಂಬು ಬೇಕು ಕಣಣ್ಣ" ಅಂದ್ರು, ಪ್ರತಿ ಸಲಾನೂ ಸರಿಯಾಗಿತ್ತು. ಮೂರನೇ ದಿನ ಕಲಸೋ ಜಾಗಕ್ಕೆ ಅವ್ರೇ ಮೇಸ್ತ್ರಿ. ಸರ್ಟಿಫಿಕೇಟಲ್ಲಿ ಅವರ ಹೆಸ್ರು ಮೊದ್ಲು ಬರೆಸಿದ್ದೀನಿ.

ನಮ್ಮ ಡಿಪ್ಲೊಮಾ ಬ್ಯಾಚಿನ ಗೆಳೆಯರಿಗೆ ನಾನು ಋಣಿ. ಹಸಿರು ಕಟ್ಟಡದ ಟ್ರೈನಿಂಗು ಅಂದ್ರೆ ಬಹುತೇಕ ಸಿಟಿ ಹಾಲಲ್ಲಿ, ಇಂಗ್ಲಿಷಲ್ಲಿ, ಡಿಗ್ರಿ ಇದ್ದವರಿಗೆ. ಗೋಡೆ ಕಟ್ಟೋ ಕೈಗಳಿಗೆ ಅದು ತಲುಪೋದೇ ಇಲ್ಲ. ಕೂಲಿ ಬಿಟ್ಟು ಬನ್ನಿ ಅಂದ್ರೆ ಯಾರು ಬರ್ತಾರೆ, ಸಂಜೆ ಮನೆಗೆ ಅಕ್ಕಿ ಬೇಕಲ್ವಾ. ಇದನ್ನ ಒಂದು ಸಲ ಹೇಳಿದ್ದೇ ತಡ, 11 ಜನ ಸೇರಿ ಅಷ್ಟೂ ಗಾರೆಯವ್ರಿಗೆ, ಮಣ್ಣು ಹೊರೋ ಹೆಂಗಸರಿಗೆ ಮೂರು ದಿನದ ಪೂರಾ ಕೂಲಿ ಕೊಟ್ರಿ, ಹೆಸರು ಹಾಕ್ಬೇಡ ಅಂದ್ರಿ, ಹಾಕಿಲ್ಲ. ಪ್ರೆಸ್ ಮಷೀನ್ ಬಾಡಿಗೆ ಬೇಡ ಅಂದ ಹಾಸನದ ಅಣ್ಣನಿಗೂ, ಮೂರೂ ಹೊತ್ತು ಮುದ್ದೆ ಸಾರು ಮಾಡಿ ಹಾಕಿದ ನಮ್ಮಮ್ಮ, ಅತ್ತಿಗೆಗೂ ಏನ್ ಹೇಳ್ಲಿ.

ಇನ್ನು ಆ ತೋಟದವ್ರು. ಜಾಗ ಹುಡುಕ್ತಾ ನಾಲ್ಕು ಕಡೆ ಕೇಳಿ ಆಗಿತ್ತು, ಒಂದಿನ ಅವ್ರೇ ಫೋನ್ ಮಾಡಿ "ನಮ್ಮ ತೋಟದಲ್ಲಿ ಮಾಡ್ರಪ್ಪ, ನೀರೂ ಇದೆ, ನೆರಳೂ ಇದೆ" ಅಂದ್ರು. 2019ರಲ್ಲಿ ಗೋಡೆ ಕರಗಿದ್ದು ಇವರ ಮನೇದೇ. ನನಗೆ ಫೋನಲ್ಲಿ ಮಾತೇ ಬರ್ಲಿಲ್ಲ. ಮೊದಲನೇ ದಿನ ಎಲ್ಲರ ಮುಂದೆ ಆ ತಪ್ಪನ್ನ ನಾನೇ ಹೇಳ್ಕೊಂಡೆ, ಯಜಮಾನ್ರು ಹಿಂದೆ ನಿಂತು ಕೇಳ್ತಿದ್ರು, ಆಮೇಲೆ ಬಂದು ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ರು. ಈ 412 ಬ್ಲಾಕು ಅವರ ಹಿತ್ತಲಿನ ಕೊಟ್ಟಿಗೆಗೆ. ಆ ಮನೆಯ ಅಮ್ಮನೇ ಹೇಳಿದ್ದು, ಮಣ್ಣಿಂದೇ ಕಟ್ಟು ಅಂತ.

ಬ್ಲಾಕೆಲ್ಲಾ ಈಗ ಗೋಣಿಚೀಲದ ಕೆಳಗಿದೆ, ಮೇಲೆ ತೆಂಗಿನ ಗರಿ. ಈ ಸಲ ಪೂರ್ತಿ 28 ದಿನ ನೀರು ಹಾಕಿ ಗಟ್ಟಿಯಾಗೋಕೆ ಬಿಡ್ತೀವಿ. ಬೆಳಿಗ್ಗೆ ನೀರು ಹಾಕೋದು ಆ ಮನೆಯ ಅಮ್ಮ, ಸಂಜೆ ನಾನು. ತಿಪಟೂರು ಕಡೆಯವ್ರು ಯಾರಾದ್ರೂ ನೋಡ್ಬೇಕಂದ್ರೆ ಸಂಜೆ ಆರರ ಮೇಲೆ ಬನ್ನಿ, ಅಲ್ಲೇ ಇರ್ತೀನಿ.