ಎಫ್‌ಐಆರ್ ಆಗದವರನ್ನೂ ಎಣಿಸು ಪುಟ್ಟಿ

ಪುಟ್ಟಿ,

ಪೊಲೀಸರ ಉತ್ತರದಾಯಿತ್ವದ ಮೇಲೆ ಪಿಎಚ್‌ಡಿ ಅಂದಾಗಿನಿಂದ ನಿನ್ನ ಚಿಕ್ಕಪ್ಪನಿಗೆ ನಿದ್ದೆಯಿಲ್ಲ. ಬಿ.ಎಡ್ ಮಾಡಿದ್ದರೆ ಹಾಸನದಲ್ಲೇ ಇರಬಹುದಿತ್ತಂತೆ. ಅನ್ನಲಿ ಬಿಡು.

ನೀನು ಕಳಿಸಿದ ಅಧ್ಯಾಯ ಓದಿದೆ. ದೇಶದ ಅಪರಾಧಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ಅಂಕಿ ಇಟ್ಟುಕೊಂಡು ಎಲ್ಲಿ ಅಪರಾಧ ಜಾಸ್ತಿ, ಎಲ್ಲಿ ಕಡಿಮೆ ಅಂತ ಬರೆದಿದ್ದೀಯ. ಆ ಲೆಕ್ಕಕ್ಕೆ ಸೇರುವುದು ಎಫ್‌ಐಆರ್ ಆದದ್ದು ಮಾತ್ರ ಅಲ್ವಾ? ಕೋರ್ಟ್ ಮುಂದಿನ ನನ್ನ ಟೈಪಿಂಗ್ ಅಂಗಡಿಗೆ ಬರುವವರು ಎಫ್‌ಐಆರ್ ಆಗದವರು. ಬಸ್ ಸ್ಟ್ಯಾಂಡಿನಲ್ಲಿ ಮೊಬೈಲ್ ಕಸಿದುಕೊಂಡು ಹೋದರು ಅಂತ ಹುಡುಗ ಸ್ಟೇಷನ್ನಿಗೆ ಹೋದರೆ, ಕಳೆದುಹೋಯಿತು ಅಂತ ಬರೆದುಕೊಡು, ಸುಮ್ನೆ ಕೋರ್ಟಿಗೆ ಯಾಕೆ ಅಲೆಯುತ್ತೀಯ ಅನ್ನುತ್ತಾರೆ, ಅವನೂ ಬರೆದುಕೊಡುತ್ತಾನೆ, ಅಲ್ಲಿಗೆ ಆ ಊರಲ್ಲಿ ಒಂದು ಅಪರಾಧ ಕಡಿಮೆಯಾಯಿತು! ಗದ್ದೆ ಜಗಳದಲ್ಲಿ ತಲೆ ಒಡೆಸಿಕೊಂಡವನಿಗೆ ರಾಜಿ ಮಾಡಿಸಿ, ಎಫ್‌ಐಆರ್ ಹಾಕದ್ದಕ್ಕೆ ಕಾರಣ ಬರೆದ ಒಂದು ಹಿಂಬರಹ ಕೈಗೆ ಕೊಟ್ಟು ಕಳಿಸಿರುತ್ತಾರೆ. ಆಮೇಲೆ ಎಸ್‌ಪಿ ಸಾಹೇಬರಿಗೆ ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾನೆ.

ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದದ್ದು, ಅಂತ ದೂರಿನಲ್ಲೇ ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂತ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ನಿನಗೆ ಗೊತ್ತಿರುವುದೇ. ಹಾಗಾಗಿ ಒಂದು ಸ್ಟೇಷನ್ನಿನಲ್ಲಿ ಕೇಸು ದಿಢೀರನೆ ಜಾಸ್ತಿಯಾದರೆ ಅಲ್ಲಿ ಕಳ್ಳರು ಹೆಚ್ಚಿದರು ಅಂತ ಬರೆದುಬಿಡಬೇಡ. ದೂರು ಬರೆದುಕೊಳ್ಳುವ ಇನ್ಸ್‌ಪೆಕ್ಟರ್ ಬಂದಿರಬಹುದು. ಮಾಹಿತಿ ಹಕ್ಕಿನಲ್ಲಿ ಅರ್ಜಿಗಳ ರಿಜಿಸ್ಟರ್ ಕೇಳು. ಎಷ್ಟು ಬಂದವು, ಎಷ್ಟು ಎಫ್‌ಐಆರ್ ಆದವು, ಉಳಿದವಕ್ಕೆ ಹಿಂಬರಹದಲ್ಲಿ ಏನು ಕಾರಣ ಕೊಟ್ಟರು ನೋಡು. ನಿನ್ನ ಪ್ರಬಂಧದ ಜೀವ ಅಲ್ಲಿದೆ.

ಇನ್ನೊಂದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರಲ್ಲಿ ಕೋರ್ಟ್ ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಡಿವೈಎಸ್‌ಪಿವರೆಗಿನವರ ಮೇಲಿನ ದೂರು ಅಲ್ಲಿಗೆ ಹೋಗಬೇಕು ಅಂದಿತು. ನಮ್ಮ ರಾಜ್ಯ 2012ರಲ್ಲಿ ಅದಕ್ಕಾಗಿ ಪೊಲೀಸ್ ಕಾಯ್ದೆ ತಿದ್ದಿತು. ಆದರೆ ಆ ಪ್ರಾಧಿಕಾರಕ್ಕೊಂದು ಅರ್ಜಿ ಟೈಪ್ ಮಾಡಿಕೊಡಿ ಅಂತ ನನ್ನ ಹತ್ತಿರ ಒಬ್ಬರೂ ಬಂದಿಲ್ಲ. ಯಾಕೆ ಅಂತ ನೀನೇ ಹುಡುಕು.

ಕಾನ್ಸ್‌ಟೇಬಲ್‌ಗಳನ್ನೂ ಮಾತಾಡಿಸು. ಹಾಸನಾಂಬೆ ಬಾಗಿಲು ತೆಗೆದಾಗ ಬಂದೋಬಸ್ತಿಗೆ ಬಂದವರು ರಾತ್ರಿಯೆಲ್ಲ ನಿಂತೇ ಇರುತ್ತಾರೆ. ಸಾಹೇಬರ ಸಂದರ್ಶನದಲ್ಲಿ ಸಿಗದ್ದು ಅವರ ಹತ್ತಿರ ಸಿಗುತ್ತದೆ, ಟೀ ಕೊಡಿಸಿದರೆ ಸಾಕು. ನನ್ನ ಗಿರಾಕಿಗಳ ಹೆಸರು ಮಾತ್ರ ಕೇಳಬೇಡ, ಕೊಡಲ್ಲ.

ದೀಪಾವಳಿಗೆ ಬರುವಾಗ ಪ್ರಬಂಧದ ಸಾರ ಕನ್ನಡದಲ್ಲಿ ಎರಡು ಪುಟ ಬರೆದು ತಾ. ನುಡಿ ತಂತ್ರಾಂಶದಲ್ಲಿ ನಾನೇ ಟೈಪ್ ಮಾಡಿ ಅಂಗಡಿ ಗೋಡೆಗೆ ಅಂಟಿಸುತ್ತೇನೆ.

ನಿನ್ನ ಅಮ್ಮ